ನಿಲ್ದಾಳ ನೆಲ

ಒಂದು ಸಲ ಮನಸ್ಸಿಗೆ ಹಚ್ಚಿಕೊಂಡ ಸಿಟ್ಟನ್ನು ನಿಲ್ದಾ ಪಾಸ್ಕೂಚಿ ಬಿಡುವವಳಲ್ಲ ಎಂಬುದು ಬ್ಯುನೋಸ್ ಐರಿಸ್‌ನ ಅಲ್ಮಾಗ್ರೋ ಬಡಾವಣೆಯ ನಾಲ್ಕು ಬೀದಿಗಳಿಗೂ ಗೊತ್ತಿತ್ತು. ಮೂಲೆಯಂಗಡಿಯ ತರಕಾರಿಯವನು ಒಮ್ಮೆ ಅವಳ ಚೀಲದ ತಳಕ್ಕೆ ಕೊಳೆತ ಟೊಮೇಟೊ ತುಂಬಿ ಕೊಟ್ಟಿದ್ದ. ಅವತ್ತಿನಿಂದ ಹದಿನಾರು ವರ್ಷ ಅವಳು ಎರಡು ಬೀದಿ ಹೆಚ್ಚಿಗೆ ನಡೆದು ಇನ್ನೊಬ್ಬನ ಹತ್ತಿರ ತರಕಾರಿ ತಂದಳು. ಅವನು ಸತ್ತ ದಿನ ಮಾತ್ರ ಕಪ್ಪು ಬಟ್ಟೆ ಹಾಕಿಕೊಂಡು ಹೋಗಿ, ಶವಪೆಟ್ಟಿಗೆಯೊಳಗೆ ಇಣುಕಿ ನೋಡಿ ಬಂದಳು.

"ಏನ್ ನಿಲ್ದಾ, ಕೊನೇಗೆ ಕ್ಷಮಿಸಿಬಿಟ್ರಾ?" ಎಂದು ಯಾರೋ ಕೇಳಿದರು.

"ಕ್ಷಮಿಸೋದಾ? ನಿಜವಾಗ್ಲೂ ಹೋಗಿದಾನಾ ಅಂತ ನೋಡ್ಕೊಂಡ್ ಬಂದೆ ಅಷ್ಟೇ."

ಅವಳ ಕಸುಬು ಮರದ ನೆಲ ಹೊಳೆಯಿಸುವುದು. ಇಟಲಿಯ ಕಲಾಬ್ರಿಯಾದಿಂದ ಹಡಗಿನಲ್ಲಿ ಬಂದ ಅಪ್ಪ ಅಮೆದೇಯೊ ಇದೇ ಕಸುಬಿನವನು. ಮರದ ಪುಡಿ ಕುಡಿದು ಕುಡಿದು ಅವನ ಎದೆ ಹಾಳಾದ ಮೇಲೆ ಉಜ್ಜುವ ಯಂತ್ರ ಮಗಳ ಕೈಗೆ ಬಂತು. ಯಂತ್ರದ ತೂಕ ಅವಳ ತೂಕಕ್ಕಿಂತ ಹೆಚ್ಚು. ಹೋದ ಮನೆಯಲ್ಲೆಲ್ಲ ಬಾಗಿಲು ತೆರೆದವರು ಅವಳ ಬೆನ್ನ ಹಿಂದೆ ನೋಡಿ, "ಗಂಡಸು ಎಲ್ಲಮ್ಮಾ?" ಎಂದು ಕೇಳುತ್ತಿದ್ದರು. "ಗಂಡಸು ಬೇಕಾದ್ರೆ ಬೇರೆ ಕಡೆ ಹುಡುಕ್ಕೊಳಿ. ನೆಲ ಬೇಕಾದ್ರೆ ದಾರಿ ಬಿಡಿ" ಎನ್ನುತ್ತಿದ್ದಳು ನಿಲ್ದಾ. ಮದುವೆ ಎಂಬುದೂ ಒಂದು ಆಗಿತ್ತು; ಗಂಡ ಮೂರನೆಯ ವರ್ಷ ಸಮುದ್ರದ ಗಾಳಿ ಬೇಕೆಂದು ಮಾರ್ ದೆಲ್ ಪ್ಲಾತಾಕ್ಕೆ ಹೋದವನು ಆ ಗಾಳಿಯನ್ನು ಇನ್ನೂ ಕುಡಿಯುತ್ತಿದ್ದಾನೆ. ಅವನ ಹೆಸರನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ.

ಮೂವತ್ತು ವರ್ಷ ಊರಿನ ಜನರ ನೆಲವನ್ನೆಲ್ಲ ಕನ್ನಡಿ ಮಾಡಿದ ಈ ಹೆಂಗಸು ತಾನು ಮಾತ್ರ ಹುಟ್ಟಿದಾಗಿನಿಂದ ಒಡೆದ ನೆಲಹೆಂಚಿನ ಮೇಲೆ ನಡೆದವಳು. ಅಪ್ಪ ಬಾಡಿಗೆಗಿದ್ದ ಎರಡು ಕೋಣೆ ಅವನು ಸತ್ತ ವರ್ಷವೇ ನೆಲಸಮವಾಗಿ, ಅಲ್ಲೊಂದು ಎತ್ತರದ ಕಟ್ಟಡ ಎದ್ದಿತು. ನಿಲ್ದಾ ಮನೆ ಹುಡುಕತೊಡಗಿದಳು. ಈ ಊರಿನಲ್ಲಿ ಬಾಡಿಗೆ ಮನೆ ಬೇಕೆಂದರೆ ಬಾಡಿಗೆ ಕೊಡುವ ತಾಕತ್ತಿದ್ದರೆ ಸಾಲದು. ಊರೊಳಗೆ ಸ್ವಂತ ಮನೆಯಿರುವ ಯಾರಾದರೂ ನಮ್ಮ ಪರವಾಗಿ ಜಾಮೀನು ಹಾಕಬೇಕು. ಸ್ವಂತ ಮನೆಯಿರುವ ಬಂಧುಗಳಿದ್ದಿದ್ದರೆ ಬಾಡಿಗೆ ಮನೆಗೆ ಯಾಕೆ ಅಲೆಯಬೇಕು? ಸಹಿಗಾಗಿ ಅವಳು ನಾಲ್ಕು ಬಾಗಿಲು ತಟ್ಟಿದಳು. ನಾಲ್ಕೂ ಕಡೆ ಕಾಫಿ ಕೊಟ್ಟರು, ಸಹಿ ಕೊಡಲಿಲ್ಲ. ಆ ನಾಲ್ಕು ಮನೆಯವರ ಹೆಸರೂ ಅವಳ ತಲೆಯಲ್ಲಿ ಉಳಿದವು.

ಅದು ಬ್ಯಾಂಕುಗಳು ಬಾಗಿಲು ಹಾಕಿ, ಇಟ್ಟ ದುಡ್ಡು ಸಿಗದ ಜನ ಪಾತ್ರೆ ಬಡಿದುಕೊಂಡು ಬೀದಿಗಿಳಿದ ಮಾರನೆಯ ವರ್ಷ. ಮನೆಗಳು ಖಾಲಿ ಬಿದ್ದಿದ್ದವು. ನೋಟರಿ ಫೆರ್ಮಿನ್ ಇರಿಗೊಯ್ತಿಯ ಮೂರನೆಯ ಮಹಡಿಯ ಮನೆಯೂ ಹಾಗೇ ಒಂದೂವರೆ ವರ್ಷದಿಂದ ಬೀಗ ಹಾಕಿಸಿಕೊಂಡು ಕೂತಿತ್ತು. ಹಳೆಯ ಗಟ್ಟಿ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟು, ಬೀದಿಗೆ ತೆರೆಯುವ ಎರಡು ದೊಡ್ಡ ಕಿಟಕಿ. ಆದರೆ ಒಳಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಗೋಡೆಯಿಂದ ಗೋಡೆಗೆ ಕಂದು ಬಣ್ಣದ ಕಾರ್ಪೆಟ್ಟು. ಹಿಂದೊಂದು ಕಾಲಕ್ಕೆ ಈ ಊರಿನ ಉಳ್ಳವರಿಗೆಲ್ಲ ಕಾರ್ಪೆಟ್ಟಿನ ಹುಚ್ಚು ಹತ್ತಿ, ಚಿನ್ನದಂಥ ಮರದ ಮೇಲೆ ಬಕೆಟ್ಟುಗಟ್ಟಲೆ ಅಂಟು ಸುರಿದು ಅಂಟಿಸಿಕೊಂಡಿದ್ದರು. ಆಮೇಲೆ ಇಪ್ಪತ್ತೈದು ವರ್ಷ ಅದರ ಮೇಲೆ ನಾಯಿ, ಮಕ್ಕಳು, ಸಿಗರೇಟು.

"ಜಾಮೀನು ಇಲ್ವಾ? ಹೋಗ್ಲಿ ಬಿಡಿ" ಎಂದರು ನೋಟರಿ. ತೆಳ್ಳನೆಯ ಮೀಸೆಯ, ಉಗುರುಗಳನ್ನೂ ಕ್ಷೌರದಂಗಡಿಯಲ್ಲೇ ಕತ್ತರಿಸಿಕೊಳ್ಳುವ ಮನುಷ್ಯ. "ಇದ್ದ ಹಾಗೆ ತಗೊಳಿ. ಒಳಗೇನ್ ಬೇಕೋ ಮಾಡ್ಕೊಳಿ, ನನ್ನನ್ನ ಕರೀಬೇಡಿ."

ಕರಾರು ಪತ್ರವನ್ನು ಮಾತ್ರ ಅವರು ಬೇರೆಯವರ ಕೈಯಲ್ಲಿ ಬರೆಸಲಿಲ್ಲ. ಕರಾರು ಬರೆಯುವುದರಲ್ಲಿ ತನ್ನನ್ನು ಮೀರಿಸುವವನು ಈ ಪಟ್ಟಣದಲ್ಲಿಲ್ಲ ಎಂಬುದು ಅವರ ಹೆಮ್ಮೆ. ಹದಿನಾಲ್ಕು ಕಲಮು, ಕೊನೆಗೆ ಕೈಬರಹದಲ್ಲಿ ಮನೆಯಲ್ಲಿರುವ ವಸ್ತುಗಳ ಪಟ್ಟಿ. ಓದಿ ಹೇಳುವಾಗ ಕವಿತೆ ಓದುವವರ ಹಾಗೆ ಕಣ್ಣು ಮುಚ್ಚಿಕೊಂಡರು. ನಿಲ್ದಾ ಸಹಿ ಹಾಕಿದಳು.

ಮೊದಲ ಭಾನುವಾರವೇ ಅವಳು ಕಿಟಕಿಯ ಬಳಿ ಕಾರ್ಪೆಟ್ಟಿನ ಅಂಚು ಎತ್ತಿದಳು. ಒಣಗಿ ಕಲ್ಲಾದ ಹಳದಿ ಅಂಟು, ಅದರ ಕೆಳಗೆ ಏನೋ ಕಪ್ಪು. ಅಲಗಿನಿಂದ ಒಂದು ಅಂಗೈಯಷ್ಟು ಕೆರೆದಳು. ಅರ್ಧ ಗಂಟೆ ಹಿಡಿಯಿತು. ಕೆಳಗಿದ್ದದ್ದು ಯೂರೋಪಿನ ಸ್ಲಾವೋನಿಯಾದ ಓಕ್ ಮರ, ಗೋಧಿ ತೆನೆಯ ಹಾಗೆ ಓರೆಯಾಗಿ ಹೆಣೆದ ಜೋಡಣೆ. ಅಪ್ಪನಿಗೆ ಇದರ ಹೆಸರು ಹೇಳಿದರೆ ಸಾಕು, ಟೋಪಿ ತೆಗೆಯುತ್ತಿದ್ದ. ನಿಲ್ದಾ ನೆಲಕ್ಕೆ ಕೆನ್ನೆ ಇಟ್ಟು ಅಡ್ಡಡ್ಡ ನೋಡಿದಳು. ಮರ ಹಿಂದೆಯೇ ಎರಡು ಸಲ ಯಂತ್ರಕ್ಕೆ ಸಿಕ್ಕಿ ತೆಳುವಾಗಿತ್ತು. ಇನ್ನೊಂದು ಸಲ ಯಂತ್ರ ಇಟ್ಟರೆ ಕೆಳಗೆ ಮರ ಕೂರಿಸಿದ ಡಾಂಬರೇ ಕಾಣಿಸುತ್ತದೆ. ಇದನ್ನು ಕೈಯಲ್ಲೇ ಕೆರೆಯಬೇಕು, ಒಂದೊಂದೇ ಮರದ ಪಟ್ಟಿ.

ಎರಡು ವರ್ಷ ಕೆರೆದಳು. ಹಗಲೆಲ್ಲ ಬೇರೆಯವರ ನೆಲ, ಸಂಜೆ ಮತ್ತು ಭಾನುವಾರ ತನ್ನದು. ಮೊಣಕಾಲಿಗೆ ಹಳೆಯ ದಿಂಬು ಕಟ್ಟಿಕೊಂಡು, ಗೋಡೆಯಿಂದ ಶುರುಮಾಡಿ ದಿನಕ್ಕೆ ನಾಲ್ಕೈದು ಪಟ್ಟಿ. ಕಟ್ಟಡ ನೋಡಿಕೊಳ್ಳುವ ಎವರಿಸ್ತೊ ಆಗಾಗ ಹತ್ತಿ ಬರುತ್ತಿದ್ದ. ಅವನು ಸಾಂತಿಯಾಗೊ ದೆಲ್ ಎಸ್ತೆರೊ ಸೀಮೆಯವನು, ಬೆಳಿಗ್ಗೆ ಬಾಗಿಲಿನ ಹಿತ್ತಾಳೆ ಉಜ್ಜುವುದು ಬಿಟ್ಟರೆ ಇನ್ಯಾವ ಕೆಲಸಕ್ಕೂ ಅವಸರವಿಲ್ಲದವನು. ಅಮ್ಮಾವ್ರೇ ಎನ್ನುವ ಹಾಗೆ ಅವಳನ್ನು ದೋನ್ಯಾ ಎಂದು ಕರೆಯುತ್ತಿದ್ದ.

"ದೋನ್ಯಾ ನಿಲ್ದಾ, ನಿಮ್ಮನ್ನ ನೋಡಿದ್ರೇನೇ ನಂಗೆ ಸೊಂಟ ಹಿಡ್ಕೊಳತ್ತೆ. ಬಾಡಿಗೆ ಮನೆಗೆ ಯಾಕಿಷ್ಟು ಸಾಯ್ತೀರಿ?"

"ಮನೆ ಅವ್ರದು. ನೆಲ ನಂದು ಕಣಯ್ಯಾ."

ಅದು ತಮಾಷೆಗೆ ಹೇಳಿದ ಮಾತಲ್ಲ. ಅವಳು ಹಾಗೇ ನಂಬಿದ್ದಳು, ಅವಳ ಕಷ್ಟವೆಲ್ಲ ಆ ನಂಬಿಕೆಯಿಂದಲೇ ಬಂತು.

ನೆಲ ಮುಗಿದ ಮೇಲೆ ಪ್ರತಿ ಶನಿವಾರ ಮೇಣ ಹಚ್ಚಿ, ಬಟ್ಟೆಯಿಂದ ಉಜ್ಜಿ, ಕಾಲು ಇಡಲು ಸಂಕೋಚವಾಗುವ ಹಾಗೆ ಮಾಡಿಟ್ಟಳು. ಬಾಗಿಲ ಬಳಿ ಉಣ್ಣೆಬಟ್ಟೆಯ ದಪ್ಪ ಚೌಕಗಳ ಜೋಡಿಗಳನ್ನು ಇಟ್ಟಿದ್ದಳು. ಬಂದವರು ಬೂಟಿನ ಕೆಳಗೆ ಒಂದೊಂದು ಇಟ್ಟುಕೊಂಡು ಜಾರುತ್ತಲೇ ಒಳಗೆ ಹೋಗಬೇಕು. ಕಾಲು ಎತ್ತುವ ಹಾಗಿಲ್ಲ. ಹಳೆಯ ಮನೆಗಳ ಗೃಹಿಣಿಯರ ಪದ್ಧತಿ ಅದು, ಈಗಿನವರು ನಗುತ್ತಾರೆ. ನಿಲ್ದಾಳ ಮನೆಯಲ್ಲಿ ಪಾದ್ರಿಯೂ ಜಾರಿದರು, ಗ್ಯಾಸಿನವನೂ ಜಾರಿದ.

ನೋಟರಿ ಎರಡು ಸಲ ಕರಾರು ನವೀಕರಿಸಿದರು, ಎರಡೂ ಸಲ ತಮ್ಮ ಕಚೇರಿಯಲ್ಲೇ. ಆರನೆಯ ವರ್ಷ ಮೇಲಿನ ಮನೆಯ ಕೊಳಾಯಿ ಒಡೆದು ಗೋಡೆಗೆ ತೇವ ಹಿಡಿದಾಗ ಅವರೇ ನೋಡಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಸಂಜೆಯ ಬಿಸಿಲು ಇಡೀ ಕೋಣೆಯ ಮೇಲೆ ಬಿದ್ದಿತ್ತು.

"ಇದು... ನನ್ನ ಮನೇನಾ?"

"ಚೌಕ ಹಾಕ್ಕೊಳಿ ಸ್ವಾಮಿ, ಆಮೇಲೆ ಮಾತಾಡಿ."

ಅರವತ್ತೆರಡು ವರ್ಷದ ಮನುಷ್ಯ ಉಣ್ಣೆಯ ಚೌಕಗಳ ಮೇಲೆ ಕೋಣೆಯ ಸುತ್ತ ಮೂರು ಸುತ್ತು ಜಾರಿದ, ಕೈ ಅಗಲಿಸಿ, ನಗುತ್ತಾ. ನಿಲ್ದಾಳ ಎದೆ ಉಬ್ಬಿತು. ಆ ದಿನ ಅವಳು ಮಾಡಿದ ತಪ್ಪನ್ನು ನೆನೆಸಿಕೊಂಡರೆ ಈಗಲೂ ಅವಳ ಮೈ ಉರಿಯುತ್ತದೆ: ಅವರನ್ನು ಕೂರಿಸಿ, ಕಾಫಿಯ ಜೊತೆ ತಾನೇ ಮಾಡಿದ ಹಣ್ಣಿನ ಕಡುಬು ಕೊಟ್ಟು, ಎಲ್ಲವನ್ನೂ ಹೇಳಿದಳು. ಅಂಟು ಹೇಗೆ ಬಿಡಿಸಿದ್ದು, ಯಾವ ಪಟ್ಟಿ ತಿರುಗಿಸಿ ಹಾಕಿದ್ದು, ಮೇಣಕ್ಕೆ ಏನು ಬೆರೆಸಿದ್ದು. ನೋಟರಿ ತಲೆ ಆಡಿಸುತ್ತಾ ಕೇಳಿಸಿಕೊಂಡರು. ಹೋಗುವಾಗ ಅವಳ ಕೈ ಹಿಡಿದು, "ನಿಲ್ದಾ, ನೀವು ಕಲಾವಿದೆ ಕಣ್ರೀ" ಎಂದರು.

ಮೂರು ತಿಂಗಳ ಮೇಲೆ ಕಾಗದ ಬಂತು. ಕರಾರು ಮುಗಿದ ಮೇಲೆ ನವೀಕರಿಸುವುದಿಲ್ಲ, ಮನೆ ತೆರವು ಮಾಡಬೇಕು.

ಅವಳು ಓಡಿಹೋಗಿ ಕೇಳಿದಳು. ಬೇಕಾದರೆ ಬಾಡಿಗೆ ಹೆಚ್ಚು ಮಾಡಿ ಎಂದಳು. ನೋಟರಿಯ ದನಿ ತುಂಬಾ ಮೃದುವಾಗಿತ್ತು. "ಕಾಲ ಬದಲಾಗಿದೆ ನಿಲ್ದಾ. ಈಗ ಪರದೇಶದವರು ತಿಂಗಳು, ಎರಡು ತಿಂಗಳು ಅಂತ ಬರ್ತಾರೆ, ಇಂಥ ನೆಲ ಅಂದ್ರೆ ಪ್ರಾಣ ಬಿಡ್ತಾರೆ. ನಿಮಗೇನು, ಎಲ್ಲಾದ್ರೂ ಸಿಗತ್ತೆ. ಕೈಯಲ್ಲಿ ಕಸುಬಿದೆ."

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮುಂದಿನ ವಾರ ಅವಳು ಇನ್ನೂ ಅಲ್ಲೇ ವಾಸವಾಗಿರುವಾಗಲೇ ಬಾಡಿಗೆ ಮನೆಗಳ ಏಜೆಂಟ್ ಹೆಂಗಸೊಬ್ಬಳು ಫೋಟೋ ತೆಗೆಯುವವಳನ್ನು ಕರೆದುಕೊಂಡು ಬಂದಳು. ನಿಲ್ದಾ ಉಣ್ಣೆಯ ಚೌಕ ಮುಂದಿಟ್ಟಳು.

"ಅಯ್ಯೋ ಇದೇನಿದು, ನಮ್ಮಜ್ಜಿ ಮನೆ ಥರ!" ಎಂದು ಏಜೆಂಟ್ ನಕ್ಕು, ಚೂಪು ಹಿಮ್ಮಡಿಯ ಬೂಟಿನಲ್ಲೇ ನಡುಮನೆಯವರೆಗೂ ನಡೆದಳು. ಮರದ ಮೇಲೆ ಕಾಳಿನಷ್ಟು ಕಾಳಿನಷ್ಟು ಹನ್ನೆರಡು ಗುಳಿ ಬಿದ್ದವು. "ಈ ಮಂಚ ಸ್ವಲ್ಪ ಆಚೆ ತಳ್ತೀರಾ? ನೆಲ ಕಾಣ್ಬೇಕು. ನೀವೂ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಫೋಟೋದಲ್ಲಿ ಬರ್ತಿದೀರಿ."

ಭಾನುವಾರ ಎವರಿಸ್ತೊ ಪತ್ರಿಕೆ ಹಿಡಿದು ಬಂದ. ಜಾಹೀರಾತಿನಲ್ಲಿ ಅವಳ ಕಿಟಕಿ, ಅವಳ ಬಿಸಿಲು, ಅವಳ ನೆಲ. ಕೆಳಗೆ ಬರೆದಿತ್ತು: ಮೂಲ ಸ್ಲಾವೋನಿಯಾ ಓಕ್ ನೆಲ, ಮಾಲೀಕರೇ ಖುದ್ದು ಆಸ್ಥೆಯಿಂದ ಪುನರುಜ್ಜೀವಗೊಳಿಸಿದ್ದು.

ನಿಲ್ದಾ ಅದನ್ನು ಮೂರು ಸಲ ಓದಿದಳು. ಎವರಿಸ್ತೊ ಅವಳ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಮಾಲೀಕರೇ. ಖುದ್ದು" ಎಂದಳು ಅವಳು.

"ದೋನ್ಯಾ, ಕೂತ್ಕೊಳಿ. ನೀರು ತರ್ಲಾ?"

"ಅವನ ಮೊಣಕಾಲು ನೋಡಿದೀಯಾ ಎವರಿಸ್ತೊ? ಮಗು ಮೊಣಕಾಲಿನ ಹಾಗೆ ಇರತ್ತೆ. ಚರ್ಚಲ್ಲೂ ಬಗ್ಗದವನು."

ಮನೆ ಹೋಗುವುದಕ್ಕೆ ಅವಳು ಅತ್ತಿದ್ದಳು. ಈಗ ಅಳು ಬರಲಿಲ್ಲ. ನೆಲವನ್ನು ಉಳಿಸುವ ವಿದ್ಯೆ ಬಲ್ಲವಳಿಗೆ ಕೊಲ್ಲುವ ವಿದ್ಯೆಯೂ ಗೊತ್ತಿರುತ್ತದೆ. ನಾಲ್ಕು ದಿನ ಅವಳು ಅದನ್ನೇ ಯೋಚಿಸಿದಳು, ಯೋಚಿಸುತ್ತಾ ಸುಖಪಟ್ಟಳು. ಕಾಸ್ಟಿಕ್ ಸೋಡಾ ಕಲಸಿ ಸುರಿದರೆ ಓಕ್ ಮರ ಒಂದು ಗಂಟೆಯಲ್ಲಿ ಇದ್ದಿಲ ಬಣ್ಣಕ್ಕೆ ತಿರುಗುತ್ತದೆ. ನಲ್ಲಿ ಬಿಟ್ಟು ಹೋದರೆ ಪಟ್ಟಿಗಳೆಲ್ಲ ಉಬ್ಬಿ ಎದ್ದು ನಿಲ್ಲುತ್ತವೆ. ಹುಳ ಹಿಡಿದ ಮರದ ತುಂಡೊಂದನ್ನು ಮೂಲೆಯಲ್ಲಿ ಸೇರಿಸಿದರೆ ಐದು ವರ್ಷದಲ್ಲಿ ಎಲ್ಲ ಹಿಟ್ಟು. ಆದರೆ ಯಾವುದನ್ನು ಮಾಡಿದರೂ ನೋಟರಿ ಅವಳನ್ನು ಕೋರ್ಟಿಗೆ ಎಳೆಯುವುದು ಖಂಡಿತ. ಅದಕ್ಕಿಂತ ದೊಡ್ಡ ತೊಡಕು, ಅವಳ ಕೈ ಏಳಬೇಕಲ್ಲ.

"ಕಾಗದದಲ್ಲಿ ಏನಿದೆ ನೋಡಿದ್ರಾ?" ಎಂದ ಎವರಿಸ್ತೊ. "ಅವ್ರು ಯಾವಾಗ್ಲೂ ಕಾಗದ ಕಾಗದ ಅಂತಾರಲ್ಲ."

ನಿಲ್ದಾ ಕನ್ನಡಕ ಹಾಕಿಕೊಂಡು ಕರಾರು ಓದಿದಳು. ಹನ್ನೊಂದನೆಯ ಕಲಮಿನ ಹತ್ತಿರ ನಿಂತಳು. ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ, ಲಗತ್ತಿಸಿದ ಪಟ್ಟಿಗೆ ಅಕ್ಷರಶಃ ಹೊಂದುವಂತೆ ಹಿಂತಿರುಗಿಸತಕ್ಕದ್ದು; ಹೆಚ್ಚಿಲ್ಲ, ಕಡಿಮೆಯಿಲ್ಲ. ಪಟ್ಟಿ ತೆಗೆದಳು. ನೋಟರಿಯ ಚೆಂದದ ಕೈಬರಹ: ನಡುಮನೆ ಮತ್ತು ಮಲಗುವ ಕೋಣೆ, ಕಂದು ಕಾರ್ಪೆಟ್, ಗೋಡೆಯಿಂದ ಗೋಡೆಗೆ ಅಂಟಿಸಿದ್ದು, ಕಿಟಕಿಯ ಬಳಿ ಕಲೆ. ಮುಂದಿನ ಎರಡು ಕರಾರುಗಳಿಗೂ ಅವರು ಇದೇ ಪಟ್ಟಿಯನ್ನು ಲಗತ್ತಿಸಿದ್ದರು.

ಅವಳು ನಗತೊಡಗಿದಳು. ಕೆಳಗಿನ ಮಹಡಿಯವರಿಗೆ ಕೇಳುವ ಹಾಗೆ ನಕ್ಕಳು.

ಕಂದು ಕಾರ್ಪೆಟ್ಟು ಸಿಕ್ಕಿದ್ದು ರಿವಾದಾವಿಯಾ ರಸ್ತೆಯ ಹಳೆಯ ಸಿನಿಮಾ ಮಂದಿರದಲ್ಲಿ. ಆ ಮಂದಿರವನ್ನು ಒಂದು ಕ್ರೈಸ್ತ ಪಂಗಡದವರು ಕೊಂಡು ಪ್ರಾರ್ಥನಾಲಯ ಮಾಡುತ್ತಿದ್ದರು. ಅವರ ಬೋಧಕ ಒಳ್ಳೆಯ ಮನುಷ್ಯ, "ತಗೊಂಡ್ ಹೋಗಿ ತಾಯಿ, ಐವತ್ತು ವರ್ಷದ ಪಾಪ ಇದೆ ಅದರ ಮೇಲೆ" ಎಂದು ಪುಕ್ಕಟೆ ಕೊಟ್ಟ. ಸುರುಳಿಗಳಲ್ಲಿ ಸಿಗರೇಟು, ಚಾಕೊಲೇಟು, ಕತ್ತಲಲ್ಲಿ ಕೂತ ಜನರ ಬೆವರು, ಎಲ್ಲ ಒಟ್ಟಿಗೆ ನಾರುತ್ತಿತ್ತು. ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ ಎಂದುಕೊಂಡಳು ನಿಲ್ದಾ.

ಸಾಮಾನನ್ನೆಲ್ಲ ಮೊದಲೇ ಊರಿನ ಗಡಿಯಾಚೆ ಲನೂಸ್‌ನಲ್ಲಿದ್ದ ಅತ್ತಿಗೆಯ, ಅಣ್ಣನ ಹೆಂಡತಿಯ, ಮನೆಗೆ ಸಾಗಿಸಿದಳು. ಉಳಿದದ್ದು ನಾಲ್ಕು ದಿನ, ಬರಿಯ ನೆಲ ಮತ್ತು ಅವಳು. ಮೇಣದ ಮೇಲೆ ಅಂಟು ಹಿಡಿಯುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಶನಿವಾರ ಶನಿವಾರ ತಿನ್ನಿಸಿದ ಮೇಣವನ್ನು ಮೊದಲು ಟರ್ಪೆಂಟೈನ್ ಹಾಕಿ ತೆಗೆಯಬೇಕಾಯಿತು. ನೆಲ ಮಂಕಾಗುತ್ತಾ ಬಂತು. ಸೇಡು ತೀರಿಸಿಕೊಳ್ಳುವವರು ಕುಣಿದಾಡುತ್ತಾರೆ ಎಂದು ತಿಳಿದವರಿಗೆ ಏನೂ ಗೊತ್ತಿಲ್ಲ. ಆ ದಿನವೆಲ್ಲ ಅವಳು ಊಟ ಮಾಡಲಿಲ್ಲ. ಎರಡನೆಯ ದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು ಅಂಟಿನ ಡಬ್ಬ ಬಿಚ್ಚಿದಳು. ಕುಂಚ ಹಿಡಿದು ಮೊದಲ ಮರದ ಪಟ್ಟಿಯ ಮುಂದೆ ಬಹಳ ಹೊತ್ತು ಕೂತಳು. ಆಮೇಲೆ ಜಾಹೀರಾತಿನ ಆ ಸಾಲನ್ನು ಗಟ್ಟಿಯಾಗಿ ಹೇಳಿಕೊಂಡಳು. ಕುಂಚ ಇಳಿಯಿತು.

ಕೆಲಸ ಮಾತ್ರ ಅಚ್ಚುಕಟ್ಟು. ಎಲ್ಲೂ ಗುಳ್ಳೆಯಿಲ್ಲ, ಅಂಚು ಗೋಡೆಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು. ಕೊನೆಗೆ ಪಟ್ಟಿಯಲ್ಲಿದ್ದ ಕಲೆ ಬಾಕಿ ಉಳಿಯಿತು. 'ಮಾತೆ' ಎಂಬ ಅಲ್ಲಿನ ಸೊಪ್ಪಿನ ಚಹಾ ಕುಡಿದು ಉಳಿದ ಗಸಿಯನ್ನು ಬಿಸಿನೀರಿಗೆ ಹಾಕಿ ಕಿಟಕಿಯ ಬಳಿ ಸುರಿದು, ಹಿಮ್ಮಡಿಯಿಂದ ಉಜ್ಜಿದಳು.

"ಇನ್ನೂ ಎಡಕ್ಕಿತ್ತು ದೋನ್ಯಾ" ಎಂದ ಎವರಿಸ್ತೊ. ಎಡಕ್ಕೂ ಸ್ವಲ್ಪ ಸುರಿದಳು.

ಬೀಗದ ಕೈ ಒಪ್ಪಿಸುವ ಬೆಳಿಗ್ಗೆ ನೋಟರಿ ಬಂದರು, ಜೊತೆಗೆ ಆ ಏಜೆಂಟ್, ಅವರ ಹಿಂದೆ ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರು ಎತ್ತರದ ಪರದೇಶಿಗಳು. ನೆಲ ನೋಡಲು ಹಾತೊರೆದು ಬಂದಿದ್ದರು. ನಿಲ್ದಾ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. "ಬನ್ನಿ ಬನ್ನಿ. ಇವತ್ತು ಚೌಕ ಬೇಡ, ಬೂಟಲ್ಲೇ ಬನ್ನಿ."

ಹಳೆಯ ಸಿನಿಮಾ ಮಂದಿರದ ವಾಸನೆ ಮೊದಲು ಅವರ ಮೂಗಿಗೆ ಬಡಿಯಿತು. ನೋಟರಿ ಒಳಗೆ ಕಾಲಿಟ್ಟರು. ಕೆಳಗೆ ನೋಡಿದರು, ಗೋಡೆ ನೋಡಿದರು, ಮತ್ತೆ ಕೆಳಗೆ ನೋಡಿದರು. ಮುಖ ಇಂಗು ತಿಂದ ಮಂಗನಂತಾಯಿತು.

"ನೆಲ ಎಲ್ಲಿ?"

"ಕಾಲಡಿ ಇದೆ ಸ್ವಾಮಿ. ಎಲ್ಲಿಗೋಗತ್ತೆ?"

"ಏನ್ ಮಾಡಿದ್ಯೇ ನೀನು! ತಲೆ ಕೆಟ್ಟಿದೆಯಾ ನಿಂಗೆ? ಕೋರ್ಟಿಗೆ ಎಳೀತೀನಿ!"

"ಎಳೀರಿ. ಹೋಗೋ ಮುಂಚೆ ನಿಮ್ಮ ಹನ್ನೊಂದನೇ ಕಲಮು ಸ್ವಲ್ಪ ಓದಿ. ಚೆನ್ನಾಗಿ ಬರ್ದಿದೀರಿ. ಅವತ್ತು ಓದ್ದಾಗ ನಂಗೆ ಅರ್ಥ ಆಗಿರ್ಲಿಲ್ಲ." ಅವಳು ಪಟ್ಟಿಯನ್ನು ಅವರ ಮುಂದೆ ಹಿಡಿದಳು. "ಕಂದು ಕಾರ್ಪೆಟ್ಟು. ಗೋಡೆಯಿಂದ ಗೋಡೆಗೆ. ಕಲೆ ಅಲ್ಲಿದೆ ನೋಡಿ, ಕಿಟಕಿ ಹತ್ರ. ಓಕ್ ಅನ್ನೋ ಪದ ಎಲ್ಲಾದ್ರೂ ಇದ್ರೆ ತೋರ್ಸಿ, ಈಗ್ಲೇ ಕಿತ್ತು ಕೊಡ್ತೀನಿ."

ಎವರಿಸ್ತೊ ಬಾಗಿಲ ಹಿಡಿಯನ್ನು ಉಜ್ಜುತ್ತಾ ನಿಂತಿದ್ದ. ಆಗಲೇ ಕನ್ನಡಿಯಾಗಿದ್ದ ಹಿಡಿ ಅದು. ಪರದೇಶಿಗಳು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ಮೆಟ್ಟಿಲಿಳಿದರು. ಏಜೆಂಟ್ ಅವರ ಹಿಂದೆ ಓಡಿದಳು. ನೋಟರಿ ಪಟ್ಟಿ ಹಿಡಿದು ನಿಂತೇ ಇದ್ದರು. ತನ್ನದೇ ಅಕ್ಷರ, ತನ್ನದೇ ಮುದ್ರೆ. ಇಡೀ ಜೀವನ ಅದರ ಮೇಲೆ ಬದುಕಿದ ಮನುಷ್ಯ ಅದು ಸುಳ್ಳು ಎನ್ನುವುದು ಹೇಗೆ? ಮನೆಯನ್ನು ಇದ್ದ ಸ್ಥಿತಿಯಲ್ಲೇ ಪಡೆದಿದ್ದೇನೆ ಎಂದು ಸಹಿ ಹಾಕಿಕೊಟ್ಟರು. ನಿಲ್ದಾ ಕಾಗದವನ್ನು ನಾಲ್ಕಾಗಿ ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡಳು. ಆ ದಿನ ಅವಳಿಗಾದ ಸಂತೋಷಕ್ಕೆ ಸಾಟಿಯಾದ ಸಂತೋಷ ಅವಳ ಬಾಳಿನಲ್ಲಿ ಇನ್ನೊಂದಿಲ್ಲ.

ಆಮೇಲೆ ನಾಲ್ಕು ವರ್ಷ ಲನೂಸ್. ಅತ್ತಿಗೆಯ ಹಿತ್ತಲ ಕೋಣೆ, ಹೆಂಚಿನ ನೆಲ, ಚಳಿಗಾಲದಲ್ಲಿ ಎರಡು ಜೊತೆ ಕಾಲುಚೀಲ ಹಾಕಿದರೂ ಅಂಗಾಲಿಗೆ ಏರುವ ಥಂಡಿ. ಅತ್ತಿಗೆ ಬಾಯಿ ಮುಚ್ಚುವವಳಲ್ಲ. "ಸೇಡು ಸೇಡು ಅಂತ ಹೋದೆ, ಈಗ ನೋಡು, ಹಿತ್ತಲ ಕೋಣೇಲಿ ಬಿದ್ದಿದೀಯಾ" ಎನ್ನುತ್ತಿದ್ದಳು. ನಿಲ್ದಾ ಎರಡನೆಯ ಜೊತೆ ಕಾಲುಚೀಲ ಏರಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು ಕಾಲು ಕೆಳಗಿಡುವಾಗ ಮಾತ್ರ ಪ್ರತಿದಿನವೂ ಒಂದು ಕ್ಷಣ ಅವಳ ಪಾದ ಮರವನ್ನೇ ಹುಡುಕುತ್ತಿತ್ತು. ಆ ಮನೆ ಅವಳಿಗೆ ಬೇಕಿತ್ತು, ಉಸಿರು ಬೇಕಾದಷ್ಟೇ ಬೇಕಿತ್ತು; ಹಾಗೆಂದು ಯಾರ ಹತ್ತಿರವೂ ಹೇಳಲಿಲ್ಲ.

ಅತ್ತ ನೋಟರಿ ನೆಲದ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ಅರ್ಧ ಜನ ನಿಲ್ದಾಳ ಅಪ್ಪ ಅಮೆದೇಯೊ ಪಾಸ್ಕೂಚಿಯ ಕೈಕೆಳಗೆ ಕಲಿತವರು, ವಿಳಾಸ ಕೇಳಿದ ಕೂಡಲೇ ಅವರಿಗೆ ಸೊಂಟನೋವು ಬಂದುಬಿಡುತ್ತಿತ್ತು. ಬಂದ ಉಳಿದವರು ಅಂಚು ಎತ್ತಿ ನೋಡಿ ಕೈ ಚೆಲ್ಲಿದರು: ಯಂತ್ರ ಇಟ್ಟರೆ ಮರ ಉಳಿಯುವುದಿಲ್ಲ, ಕೈಯಲ್ಲಿ ಕೆರೆಯುವ ಹುಚ್ಚರು ಈಗ ಯಾರಿದ್ದಾರೆ? ಆ ನಾತಕ್ಕೆ ಬಾಡಿಗೆಗೆ ಬಂದವರು ಆರು ತಿಂಗಳು ನಿಲ್ಲುತ್ತಿರಲಿಲ್ಲ. ಕೊನೆಗೆ ಮನೆ ಮತ್ತೆ ಖಾಲಿ ಬಿತ್ತು.

ಶರತ್ಕಾಲದ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ದನಿ ಮುದಿಯಾಗಿತ್ತು. "ನಿಲ್ದಾ, ವಾಪಸ್ ಬನ್ನಿ. ನೆಲ ಮತ್ತೆ ಮೊದಲಿನ ಥರ ಮಾಡಿ. ನೀವು ಬದುಕಿರೋವರೆಗೂ ಮನೆ ನಿಮ್ಮದು, ಅದೇ ಹಳೇ ಬಾಡಿಗೆ. ಜಾಮೀನು ಬೇಡ. ಬರೆದು ಮುದ್ರೆ ಹೊಡೆದು ಇಟ್ಟಿದೀನಿ. ನನ್ನ ಮಗಳೂ ಸಹಿ ಹಾಕಿದಾಳೆ."

ಅದು ಮೋಸವಾಗಿರಲಿಲ್ಲ. ನಿಲ್ದಾ ಕಾಗದವನ್ನು ತರಿಸಿಕೊಂಡು, ಪರಿಚಯದ ವಕೀಲನಿಗೆ ತೋರಿಸಿದಳು. ಅಪ್ಪಟ ಕಾಗದ, ಒಂದು ಸಂದೂ ಇಲ್ಲ ಎಂದ ಅವನು. ಅತ್ತಿಗೆ ಖುಷಿಯಿಂದ ಅವಳ ಬಟ್ಟೆಗಳನ್ನು ಮಡಿಸತೊಡಗಿದಳು. ಮರುದಿನ ನಿಲ್ದಾ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಚೀಲದಲ್ಲಿ ಕೆರೆಯುವ ಅಲಗೂ ಇತ್ತು, ಅಂಟಿನ ಡಬ್ಬವೂ ಇತ್ತು. ಯಾವುದನ್ನು ತೆಗೆಯುತ್ತೇನೆಂದು ದಾರಿಯುದ್ದಕ್ಕೂ ಅವಳಿಗೇ ತಿಳಿದಿರಲಿಲ್ಲ.

ನೋಟರಿ ಕೋಲೂರಿಕೊಂಡು ಬಾಗಿಲಲ್ಲಿ ಕಾದಿದ್ದರು. ಇಬ್ಬರೂ ಒಳಗೆ ಹೋದರು. ನಿಲ್ದಾ ಕಿಟಕಿಯ ಬಳಿ ಮಂಡಿಯೂರಿ, ಅಲಗಿನಿಂದ ಕಾರ್ಪೆಟ್ಟಿನ ಮೂಲೆಯನ್ನು ಎಬ್ಬಿಸಿದಳು. ಹಳದಿ ಅಂಟನ್ನು ಎರಡು ಬೆರಳಗಲ ಕೆರೆದಳು. ಓಕ್ ಮರ ಹೊರಗೆ ಬಂತು, ಹಾಗೇ ಇತ್ತು, ಏನೂ ಆಗಿರಲಿಲ್ಲ. ಅವಳ ಹೆಬ್ಬೆರಳು ತಾನಾಗಿಯೇ ಅದನ್ನು ಸವರಿತು. ಎರಡು ವರ್ಷದ ಕೆಲಸ. ಮೊಣಕಾಲು ಹಿಡಿದುಕೊಂಡರೂ ಆಗುತ್ತದೆ. ಆಮೇಲೆ ಸಾಯುವವರೆಗೂ ಈ ಬಿಸಿಲು.

"ಆಗತ್ತಾ?" ಎಂದರು ನೋಟರಿ, ಮೇಲಿನಿಂದ ಬಗ್ಗಿ.

"ಆಗತ್ತೆ. ಒಂದ್ ಮಾತು ಕೇಳ್ತೀನಿ. ಈ ನೆಲ ಮಾಡಿದ್ದು ಯಾರು?"

ಒಂದೇ ಪದ ಸಾಕಿತ್ತು. ಅವಳು ಆ ಪದಕ್ಕಾಗಿ ನಿಜವಾಗಿಯೂ ಕಾದಳು, ಅದು ಬರಲಿ ಎಂದು ಬೇಡಿಕೊಂಡಳು.

ನೋಟರಿ ನಕ್ಕರು, ಹಳೆಯ ಮೃದು ದನಿಯಲ್ಲಿ ಹೇಳಿದರು: "ಇದೇನ್ ಪ್ರಶ್ನೆ ನಿಲ್ದಾ! ನಾವಿಬ್ರೂ ಸೇರಿ ಮಾಡಿದ್ದಲ್ವಾ?"

ನಿಲ್ದಾ ಚೀಲಕ್ಕೆ ಕೈ ಹಾಕಿದಳು. ಅಂಟಿನ ಡಬ್ಬದ ಮುಚ್ಚಳ ತೆಗೆದು, ಕೆರೆದ ಮರದ ಮೇಲೂ ಕಾರ್ಪೆಟ್ಟಿನ ಬೆನ್ನಿಗೂ ಕುಂಚದಿಂದ ತೆಳುವಾಗಿ ಬಳಿದಳು.

"ಕೆರೆಯೋಕೆ ಮುಂಚೆ ಇದನ್ನ ಹಚ್ಬೇಕಾ?" ಎಂದು ಕೇಳಿದರು ನೋಟರಿ.

"ಇಲ್ಲ ಸ್ವಾಮಿ. ಮೂಲೆ ಎದ್ದಿತ್ತು, ಸರಿ ಮಾಡ್ತಿದೀನಿ. ಈ ಅಂಟು ಒತ್ತೋಕೆ ಮುಂಚೆ ಹತ್ತು ನಿಮಿಷ ಒಣಗ್ಬೇಕು."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೋಲು ಕೈಬಿಟ್ಟು ಗೋಡೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕಷ್ಟಪಟ್ಟು ಕೂತರು. "ನಿಲ್ದಾ, ಬೇಡ. ನೀವೇ ಮಾಡಿದ್ದು. ನೀವೊಬ್ರೇ. ಹಾಗಂತ ಬರೆದುಕೊಡ್ತೀನಿ, ಮುದ್ರೆ ಹೊಡೆದುಕೊಡ್ತೀನಿ."

"ಕಾಗದ ಬೇಡ" ಎಂದಳು ಅವಳು. "ಕೇಳ್ದಾಗ ಬಾಯಲ್ಲಿ ಬರ್ಬೇಕಿತ್ತು."

ಹತ್ತು ನಿಮಿಷವೂ ಅವಳು ಆ ಎರಡು ಬೆರಳಗಲದ ಓಕ್ ಮರವನ್ನೇ ನೋಡುತ್ತಾ ಕೂತಳು. ಅಂಟು ಒಣಗುತ್ತಾ ಅದರ ಎಳೆಗಳು ಮಸುಕಾಗುತ್ತಿದ್ದವು. ಮನೆ ಬೇಕು ಎಂಬ ಆಸೆ ಹಾಗೇ ಇತ್ತು, ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದಳು. ಅಂಟು ಹದಕ್ಕೆ ಬಂದಿತ್ತು. ಕಾರ್ಪೆಟ್ಟನ್ನು ಇಳಿಸಿ, ಅಂಗೈಯಿಂದ ಒತ್ತಿ, ಎದ್ದುನಿಂತು ಹಿಮ್ಮಡಿಯಿಂದ ಮೂಲೆಯನ್ನು ಚೆನ್ನಾಗಿ ತುಳಿದಳು.

ಕೆಳಗೆ ಎವರಿಸ್ತೊ ಬಾಗಿಲ ಹಿತ್ತಾಳೆ ಉಜ್ಜುತ್ತಿದ್ದ. ಅವಳನ್ನು ಕಂಡು ಬಾಯಿ ತುಂಬಾ ನಕ್ಕ. "ಯಾವತ್ತು ಸಾಮಾನು ತರ್ತೀರಾ ದೋನ್ಯಾ? ನಾನೇ ಹೊತ್ತು ಹಾಕ್ತೀನಿ."

ನಿಲ್ದಾ ಅವನ ಕೈಯಲ್ಲಿದ್ದ ಉಜ್ಜುವ ಬಟ್ಟೆಯನ್ನು ಕಿತ್ತುಕೊಂಡು ಮುಖಕ್ಕೆ ಒತ್ತಿಕೊಂಡು, ನಡುಬೀದಿಯಲ್ಲಿ ನಿಂತು ಅತ್ತಳು. ಬಸ್ಸು ಬಂದಾಗ ಬಟ್ಟೆ ಹಿಂದಿರುಗಿಸಿ ಹತ್ತಿದಳು.